ಒಂದೂವರೆ ಬಾತುಕೋಳಿ

ಟಕ್.

ಗಾಜಿನ ಬಿಲ್ಲೆಯೊಂದು ಕಬ್ಬಿಣದ ಚೌಕಟ್ಟಿನೊಳಗೆ ಕೂರುವ ಸದ್ದು ಅದು. ಕನ್ನಡಕದ ಅಂಗಡಿಯ ಹಿಂದಿನ ಮಬ್ಬುಗತ್ತಲೆಯ ಕೋಣೆಯಲ್ಲಿ ಈ ಸದ್ದು ದಿನಕ್ಕೆ ಇನ್ನೂರು ಸಲವಾದರೂ ಆಗುತ್ತದೆ. ಪ್ರತಿ ಟಕ್ಕಿನ ಹಿಂದೆಯೇ ಒಂದು ಪ್ರಶ್ನೆ: "ಈಗ ಚೆನ್ನಾಗಿದೆಯಾ, ಆಗಲೇ ಚೆನ್ನಾಗಿತ್ತಾ?" ಹತ್ತೊಂಬತ್ತು ವರ್ಷಗಳಿಂದ ಇದೊಂದೇ ಪ್ರಶ್ನೆ ಕೇಳುತ್ತ ಬಂದಿರುವ ಹೆಂಗಸು ಅದನ್ನು ಎಷ್ಟು ಸಾವಧಾನವಾಗಿ ಕೇಳುತ್ತಾಳೆಂದರೆ, ಕುರ್ಚಿಯಲ್ಲಿ ಕೂತವರಿಗೆ ಇವಳು ತಮ್ಮ ಬಾಳಿನ ವಿಷಯವನ್ನೇ ವಿಚಾರಿಸುತ್ತಿದ್ದಾಳೇನೋ ಅನ್ನಿಸಿಬಿಡುತ್ತದೆ. ಒಮ್ಮೆ ಒಬ್ಬ ಮುದಿ ಗುಮಾಸ್ತರು ದೀರ್ಘವಾಗಿ ಉಸಿರುಬಿಟ್ಟು, "ಆಗಲೇ ಚೆನ್ನಾಗಿತ್ತು ತಾಯಿ" ಅಂದು ಚೌಕಟ್ಟಿನ ಅಡಿಯಿಂದ ಕಣ್ಣೊರೆಸಿಕೊಂಡಿದ್ದರು.

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೇಡಂ ಅನ್ನುತ್ತಾರೆ. ಮನೆಯವರ ಬಾಯಲ್ಲಿ ಮಾತ್ರ ಅವಳು ಅರ್ಧಾಂಬೆ.

ಹೆಸರಿಟ್ಟವಳು ಅವಳ ಅಕ್ಕ. ಸುಮ್ಮನೆ ಇಟ್ಟದ್ದಲ್ಲ, ಆಧಾರ ಇಟ್ಟುಕೊಂಡೇ ಇಟ್ಟದ್ದು. ಅರ್ಧಾಂಬೆಯ ಮನೆಯ ನಡುಕೋಣೆಯ ಗೋಡೆ ಕಿಟಕಿಯವರೆಗೆ ಹಸಿರು, ಕಿಟಕಿಯಿಂದಾಚೆಗೆ ಹಳೆಯ ಹಳದಿ. ಕಪಾಟಿನಲ್ಲಿ ಒಂದು ಕೊಳಲಿದೆ. ಅದರಲ್ಲಿ ಅವಳು ನುಡಿಸಬಲ್ಲ ಒಂದೇ ಒಂದು ಹಾಡು ಎರಡನೆಯ ಸಾಲಿಗೆ ಹೋಗುವುದಿಲ್ಲ. ಗಂಡನಿಗಾಗಿ ಹೆಣೆದ ಸ್ವೆಟರಿಗೆ ಒಂದೇ ತೋಳು. ಆ ಪುಣ್ಯಾತ್ಮ ಚಳಿ ಬಂದಾಗ ಅದನ್ನೇ ತೊಟ್ಟು, ತೋಳಿಲ್ಲದ ಕಡೆಗೆ ಟವೆಲ್ಲು ಹೊದ್ದು ಓಡಾಡುತ್ತಾನೆ. ಕೇಳಿದವರಿಗೆ, ಈ ಕಡೆ ಸ್ವಲ್ಪ ಗಾಳಿಯಾಡಲಿ ಅಂತ ಹೇಳುತ್ತಾನೆ. ಆರಂಭಶೂರರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಇವಳು ಆರಂಭಿಸುವಾಗಿನ ಸಂಭ್ರಮ ನೋಡಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಮೋಸ ಹೋದವರಲ್ಲಿ ಮೊದಲನೆಯವಳು ಅವಳೇ.

ಈ ಎಲ್ಲ ಅರ್ಧಗಳ ನಡುವೆ ಒಂದು ಅರ್ಧ ಮಾತ್ರ ಅವಳನ್ನು ಒಳಗೊಳಗೇ ಚುಚ್ಚುತ್ತಿತ್ತು. ಅದು ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿತ್ತು.

ಇಪ್ಪತ್ತೊಂದು ವರ್ಷದ ಹಿಂದೆ, ಕೈಯಲ್ಲೊಂದು ಚೀಲ ಹಿಡಿದು ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಾಗ, ಅಕ್ಕ ಆಗಷ್ಟೇ ಕಟ್ಟಿಸಿದ್ದ ಮನೆಯಲ್ಲಿ ಅವಳನ್ನು ಇಟ್ಟುಕೊಂಡಳು. ಒಂದು ತಿಂಗಳು ಅಂದದ್ದು ಮೂರು ವರ್ಷವಾಯಿತು. ಎಷ್ಟು ದಿನ ಇರುತ್ತೀ ಅಂತ ಅಕ್ಕ ಕೇಳಲಿಲ್ಲ. ಬಾಗಿಲ ಹಿಂದೆ ಅವಳ ಟವೆಲ್ಲಿಗೊಂದು ಮೊಳೆ ಹೊಡೆದುಕೊಟ್ಟಳು, ಅಷ್ಟೇ. ಇಂಥದ್ದಕ್ಕೆಲ್ಲ ಬಾಯಿಬಿಟ್ಟು ಉಪಕಾರ ಹೇಳುವ ಅಭ್ಯಾಸ ಅಕ್ಕತಂಗಿಯರಿಗೆ ಇರುವುದಿಲ್ಲ. ಹೇಳಲಾಗದ್ದನ್ನು ಹೊಲಿದುಕೊಡೋಣ ಅಂದುಕೊಂಡಳು ತಂಗಿ. ಮನೆಯ ಮುಂಬಾಗಿಲಿಗೆ ನೇತುಹಾಕುವಂಥ ಒಂದು ಪಟ: ನಡುವೆ ಕೆಂಪು ದಾರದಲ್ಲಿ 'ಸುಸ್ವಾಗತ', ಅಕ್ಕಪಕ್ಕ ಎರಡು ಬಾತುಕೋಳಿ, ಸುತ್ತ ಹೂವಿನ ಅಂಚು. ಎಳೆ ಎಣಿಸಿ ಹೊಲಿಯುವ ಮ್ಯಾಟಿ ಬಟ್ಟೆ ತಂದಳು. ಭಾವ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವರು; ಕಿವಿಯ ಮೇಲೆ ಪೆನ್ಸಿಲ್ ಇಲ್ಲದಿದ್ದರೆ ಮೈಮೇಲೆ ಬಟ್ಟೆಯೇ ಇಲ್ಲದಷ್ಟು ನಾಚಿಕೊಳ್ಳುವ ಮನುಷ್ಯ. ಅವರು ಗ್ರಾಫ್ ಕಾಗದದ ಮೇಲೆ ಒಂದೊಂದು ಚೌಕಕ್ಕೂ ಒಂದೊಂದು ಗುರುತು ಹಾಕಿ, ಇಲ್ಲಿ ಎಂಟು ಮನೆ, ಅಲ್ಲಿ ಐದು ಮನೆ ಅಂತ ಲೆಕ್ಕ ಬರೆದು, ನಾಲ್ಕಾಗಿ ಮಡಿಸಿಕೊಟ್ಟರು.

ಎಡಗಡೆಯ ಬಾತುಕೋಳಿ ಮುಗಿಯಿತು. ಬಲಗಡೆಯದಕ್ಕೆ ಬಾಲವೂ ಬೆನ್ನೂ ಬಂದವು. ಅಕ್ಷರಗಳಲ್ಲಿ 'ಸು' ಆಯಿತು. ಅಷ್ಟರಲ್ಲಿ ಅವಳ ಮದುವೆಯೂ ಆಯಿತು. ಬಾತುಕೋಳಿ ತಲೆಯಿಲ್ಲದೆ ಪೆಟ್ಟಿಗೆ ಸೇರಿತು.

ಆಮೇಲಿನ ಹದಿನೆಂಟು ವರ್ಷ ಅಕ್ಕ ಅದರ ಬಗ್ಗೆ ಕೇಳಿದ್ದು ವರ್ಷಕ್ಕೊಂದೇ ಸಲ, ಅದೂ ಆರೋಗ್ಯ ವಿಚಾರಿಸುವ ಧಾಟಿಯಲ್ಲಿ: "ಬಾತುಕೋಳಿ ಹೇಗಿದೆಯೇ?"

ನಾಲ್ಕು ವಾರದ ಹಿಂದೆ ಅಕ್ಕ ಫೋನು ಮಾಡಿದಳು. ದೊಡ್ಡ ಮನೆ ಗುಡಿಸಿ ಒರೆಸಿ ಸೊಂಟ ಬಿದ್ದುಹೋಗಿದೆ, ಅದನ್ನು ಕೊಟ್ಟು ಎರಡು ಕೋಣೆಯ ಫ್ಲ್ಯಾಟು ಹಿಡಿದಿದ್ದೇವೆ, ಮುಂದಿನ ತಿಂಗಳ ಮೊದಲನೆಯ ಭಾನುವಾರ ಹೋಗುತ್ತೇವೆ ಅಂದಳು. ಬಾಗಿಲಿಗೆ ಅಂತ ಪೇಟೆಯಲ್ಲಿ ಒಂದು ಪ್ಲಾಸ್ಟಿಕ್ ಸುಸ್ವಾಗತ ತಂದಿದ್ದಾಳಂತೆ. ಹಿಂದುಗಡೆ ಗೋಂದಿದೆ, ಮೇಲಿನ ಕಾಗದ ಕಿತ್ತು ಒತ್ತಿದರಾಯಿತು. ಅಂಗಡಿಯವನು ಮೂರು ಸಲ ಹೇಳಿದನಂತೆ: ಒಂದು ಸಲ ಅಂಟಿತೆಂದರೆ ಮುಗೀತು, ಬಾಗಿಲೇ ಕಿತ್ತು ಬಂದರೂ ಇದು ಬರಲ್ಲ.

"ಭಾನುವಾರ ಹತ್ತು ಗಂಟೆಗೆ ಅಂಟಿಸ್ತೀನಿ" ಅಂದಳು ಅಕ್ಕ. "ಪಾಪ, ನಿನ್ನ ಬಾತುಕೋಳಿ ಇನ್ನು ನೆಮ್ಮದಿಯಾಗಿ ಮಲಗಲಿ."

ಅಕ್ಕ ನಗುತ್ತಲೇ ಹೇಳಿದ್ದು. ಅರ್ಧಾಂಬೆ ಮಾತ್ರ ಫೋನಿಟ್ಟ ಮೇಲೂ ಬಹಳ ಹೊತ್ತು ಗೋಡೆಯ ಹಸಿರು ಮುಗಿದು ಹಳದಿ ಶುರುವಾಗುವ ಜಾಗವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಎದ್ದು ಮಂಚದ ಕೆಳಗೆ ತೆವಳಿದಳು.

ಅಂದಿನಿಂದ ಅವಳ ಕೈ ಬಿಡುವಾಗಿದ್ದನ್ನು ಕಂಡವರಿಲ್ಲ. ಬಸ್ಸಿನಲ್ಲಿ ಹೊಲಿದಳು, ಹಳ್ಳ ಬಂದಲ್ಲೆಲ್ಲ ಒಂದೊಂದು ಹೊಲಿಗೆ ಡೊಂಕಾಯಿತು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಮದ್ದು ಬಿಟ್ಟು, ಹತ್ತು ನಿಮಿಷ ಮುಚ್ಚಿಕೊಂಡಿರಿ ಅಂತ ಹೇಳಿ, ಅವರು ಕಣ್ಣು ಮುಚ್ಚಿದ ಕೂಡಲೇ ಸೂಜಿ ತೆಗೆದಳು. ಒಬ್ಬಾಕೆಯನ್ನಂತೂ ಮುಕ್ಕಾಲು ಗಂಟೆ ಹಾಗೇ ಕೂರಿಸಿಬಿಟ್ಟಳು. ಆಕೆ ಎದ್ದು ಹೋಗುವಾಗ, ಇಷ್ಟು ಚೆನ್ನಾಗಿ ನಿದ್ದೆ ಮಾಡಿ ವರ್ಷವಾಗಿತ್ತು ಅಂತ ಕೈಮುಗಿದಳು.

ಇಲ್ಲೊಂದು ಗುಟ್ಟು ಹೇಳಬೇಕು. ಊರಿನ ಅರ್ಧ ಜನಕ್ಕೆ ಚಾಳೀಸು ಕೊಟ್ಟವಳು ಅರ್ಧಾಂಬೆ. ನಲವತ್ತು ದಾಟಿದವರು ಪತ್ರಿಕೆಯನ್ನು ಮಾರು ದೂರ ಹಿಡಿದು ಓದುವುದನ್ನು ಕಂಡರೆ, "ಕೈ ಸಾಲದೇ ಬಂತಾ?" ಅಂತ ತಮಾಷೆ ಮಾಡುವವಳು. ಅವಳಿಗೀಗ ನಲವತ್ತೇಳು. ಅವಳ ಕೈಯೂ ಸಾಲದೇ ಬಂದು ಮೂರು ವರ್ಷವಾಗಿತ್ತು. ಆದರೆ ಕನ್ನಡಕದ ಅಂಗಡಿಯವಳೇ ಕನ್ನಡಕ ಹಾಕಿಕೊಂಡರೆ, ಬೋಳುತಲೆಯವನು ಕೂದಲೆಣ್ಣೆ ಮಾರಿದ ಹಾಗಾಗುತ್ತದೆ ಅಂತ ಅವಳ ವಾದ. ಆದ್ದರಿಂದ ದಾರ ಪೋಣಿಸುವುದಕ್ಕೆ ಗಂಡ, ಮನೆ ಎಣಿಸುವುದಕ್ಕೆ ಬೆರಳ ತುದಿ, ಉಳಿದದ್ದಕ್ಕೆ ಅಂದಾಜು. ಬಲಗಡೆಯ ಬಾತುಕೋಳಿಗೆ ಅಂತೂ ಎದೆ, ಕತ್ತು, ತಲೆ ಬಂದವು. ಬಾಲದ ಕಡೆ ಇಪ್ಪತ್ತಾರರ ತಾರುಣ್ಯ, ಎದೆಯ ಕಡೆ ನಲವತ್ತೇಳರ ಗಾಂಭೀರ್ಯ. ಎರಡನೆಯ ಅಕ್ಷರಕ್ಕೆ ಬಂದಾಗ ಒಂದು ತೊಡಕಾಯಿತು. ಭಾವನ ಕಾಗದದ ಮಡಿಕೆ ಸರಿಯಾಗಿ ಒತ್ತಕ್ಷರದ ಮೇಲೆಯೇ ಬಿದ್ದು, ಅಲ್ಲಿನ ಗುರುತುಗಳೆಲ್ಲ ಸವೆದುಹೋಗಿದ್ದವು. ಕಣ್ಣು ಕಿರಿದು ಮಾಡಿ ನೋಡಿದಳು, ದೂರ ಹಿಡಿದು ನೋಡಿದಳು. ಒತ್ತು ತಾನೇ, ಕೆಳಗೊಂದು ಕೊಕ್ಕೆ ಬಂದರಾಯಿತು ಅಂತ ನಲವತ್ತಮೂರು ಹೊಲಿಗೆಯಲ್ಲಿ ಒಂದು ಕೊಕ್ಕೆ ಹಾಕಿ ಮುಂದೆ ಹೋದಳು.

ಶನಿವಾರ ಮಧ್ಯಾಹ್ನ ಮೂರೂಕಾಲಿಗೆ, ಅಂಗಡಿಯ ಹಿಂಕೋಣೆಯಲ್ಲಿ, ಕೊನೆಯ ಹೂವಿನ ಕೊನೆಯ ಹೊಲಿಗೆ ಬಿತ್ತು. ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಬಾಳಿನಲ್ಲಿ ಮೊದಲ ಸಲ ಒಂದು ಕೆಲಸ ಅವಳ ಕೈಯಲ್ಲಿ ಮುಗಿದಿತ್ತು. ಹಾಗೆ ಮುಗಿದ ವಸ್ತುವನ್ನು ಏನು ಮಾಡಬೇಕೆಂದು ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಕೂಸಿನ ಹಾಗೆ ತಟ್ಟಿದಳು.

ಆಗ ಬಂದವನು ಲಾರಿ ಡ್ರೈವರು. ಲೈಸೆನ್ಸು ಮುಂದುವರಿಸಲು ಕಣ್ಣು ಸರಿಯಿದೆ ಅಂತ ಚೀಟಿ ಬೇಕಿತ್ತು. ಕುರ್ಚಿಯಲ್ಲಿ ಕೂತವನೇ ಎದುರುಗೋಡೆಯ ಅಕ್ಷರಗಳ ಹಲಗೆಯನ್ನು ಅವಳು ಕೋಲು ಎತ್ತುವ ಮೊದಲೇ ಗಡಗಡ ಓದತೊಡಗಿದ. ಅವಳಿಗೆ ಅನುಮಾನ ಬಂತು. ಹಲಗೆಯ ದೀಪ ಆರಿಸಿದಳು. ಅವನು ಓದುತ್ತಲೇ ಇದ್ದ. ಕೊನೆಯ ಸಾಲಿನ ಸಾಸಿವೆ ಗಾತ್ರದ ಅಕ್ಷರಗಳನ್ನೂ ಮುಗಿಸಿ, ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಒಪ್ಪಿಸಿದ. ಲಾರಿ ನಿಲ್ದಾಣದಲ್ಲಿ ಎಲ್ಲರಿಗೂ ಇದು ಬಾಯಿಪಾಠವಂತೆ. ಹಳಬರು ಹೊಸಬರಿಗೆ ಹೇಳಿಕೊಡುತ್ತಾರಂತೆ.

ಬಾಯಿಪಾಠದವರಿಗೆ ಚೀಟಿ ಕೊಡುವುದಿಲ್ಲ ಅಂದಳು ಮೇಡಂ. ಆಮೇಲೆ, ಹೆಮ್ಮೆ ಅನ್ನುವುದು ಸುಮ್ಮನೆ ಕೂರುವ ಪ್ರಾಣಿಯಲ್ಲವಲ್ಲ, ಪಕ್ಕಕ್ಕಿಟ್ಟಿದ್ದ ಪಟ ತೆಗೆದು ಹಲಗೆಯ ಮೇಲೆ ನೇತುಹಾಕಿ ದೀಪ ಹಾಕಿದಳು. ಪ್ರಪಂಚದಲ್ಲಿ ಯಾರಿಗೂ ಬಾಯಿಪಾಠವಿಲ್ಲದ ಪಟ ಅದು.

"ಇದನ್ನು ಓದಿ."

ಡ್ರೈವರು ಕತ್ತು ಮುಂದೆ ಚಾಚಿದ. "ಸು… ಸ್ತಾ… ಗ… ತ."

ಅವಳಿಗೆ ಅಯ್ಯೋ ಅನ್ನಿಸಿತು. ಇಂಥ ಕಣ್ಣಿಟ್ಟುಕೊಂಡು ಈತ ಹೆದ್ದಾರಿಯಲ್ಲಿ ಹದಿನಾರು ಚಕ್ರ ಉರುಳಿಸುತ್ತಾನಲ್ಲ ಅಂದುಕೊಂಡಳು. ಚೌಕಟ್ಟು ತೊಡಿಸಿ ಒಂದು ಬಿಲ್ಲೆ ಹಾಕಿದಳು. ಟಕ್. ಈಗ? ಸುಸ್ತಾಗತ. ಇನ್ನೊಂದು. ಟಕ್. ಈಗ ಇನ್ನೂ ಚೆನ್ನಾಗಿ ಸುಸ್ತಾಗತ. ಒಂಬತ್ತು ಬಿಲ್ಲೆ ಬದಲಾಯಿಸಿದಳು. ಮಂಜಾದಾಗ ಅವನು ಮಂಜಾಯಿತು ಅಂದ. ತಿಳಿಯಾದಾಗಲೆಲ್ಲ ಸುಸ್ತಾಗತ ಅಂದ.

"ಮೇಡಂ, ಕೋಪ ಮಾಡ್ಕೋಬೇಡಿ" ಅಂದ ಕೊನೆಗೆ. "ಎಡಗಡೆ ಬಾತು ಸಣ್ಣಕ್ಕಿದೆ. ಬಲಗಡೆ ಬಾತು ಹಿಂದೆ ಸಣ್ಣ, ಮುಂದೆ ದಪ್ಪ, ಕಣ್ಣು ಹಣೆ ಮೇಲಿದೆ. ಇಷ್ಟೆಲ್ಲ ಕಾಣೋನಿಗೆ ಒಂದು ಒತ್ತು ಕಾಣಲ್ವಾ? ನೀವೇ ಬಂದು ಇಲ್ಲಿ ಕೂತ್ಕೊಂಡು ನೋಡಿ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಆ ಕುರ್ಚಿಯಲ್ಲಿ ಕೂತಳು. ಡ್ರೈವರು ಕೋಲು ತೆಗೆದುಕೊಂಡು ಹಲಗೆಯ ಪಕ್ಕ ನಿಂತು, ಮೊದಲಕ್ಷರ ಮುಟ್ಟಿದ. ಸು ಅಂದಳು. ಎರಡನೆಯದು ಮುಟ್ಟಿದ. ಸ್ವಾ ಅಂದಳು.

"ನೋಡಿ ಹೇಳಿ ಮೇಡಂ. ಬಾಯಿಪಾಠ ಒಪ್ಪಿಸಬೇಡಿ."

ಅವಳು ನೋಡಿದಳು. ಅವಳ ದೂರದ ದೃಷ್ಟಿಗೆ ಏನೂ ಕೊರತೆಯಿರಲಿಲ್ಲ. ವ ಒತ್ತು ಇರಬೇಕಾದ ಕಡೆ ನಲವತ್ತಮೂರು ಕೆಂಪು ಹೊಲಿಗೆಗಳ ತ ಒತ್ತೊಂದು ಬಾಲ ಇಳಿಬಿಟ್ಟುಕೊಂಡು, ಹೂವಿನ ಅಂಚಿನ ನಡುವೆ ಹಾಯಾಗಿ ಕೂತಿತ್ತು.

ಚೀಟಿಯಲ್ಲಿ, ಈತನ ಕಣ್ಣು ಅತ್ಯುತ್ತಮವಾಗಿದೆ ಅಂತ ಬರೆದುಕೊಟ್ಟಳು. ಅವನು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಸಂಕೋಚದಿಂದ, ಸುಸ್ತಾಗತ ಅನ್ನುವ ಈ ಮಾತನ್ನು ತನ್ನ ಲಾರಿಯ ಹಿಂದೆ ಬರೆಸಿಕೊಳ್ಳಬಹುದೇ ಅಂತ ಕೇಳಿದ. ಎಲ್ಲ ಲಾರಿಗಳ ಹಿಂದೆಯೂ ನಿಧಾನವಾಗಿ ಹೋಗಿ, ದೂರವಿರಿ ಅಂತ ಬುದ್ಧಿವಾದವೇ ಇರುತ್ತದೆ, ಮನಸ್ಸಿನ ಮಾತು ಯಾವುದರಲ್ಲೂ ಇಲ್ಲ ಅಂದ. ಬರೆಸಿಕೊಳ್ಳಪ್ಪ ಅಂದಳು.

ಅವನು ಹೋದ ಮೇಲೆ ಗಾಜಿನ ಪೆಟ್ಟಿಗೆಯಿಂದ ಒಂದು ಚಾಳೀಸು ಎತ್ತಿಕೊಂಡಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಗಿನ ಮೇಲಿಟ್ಟು ಪಟವನ್ನು ತೊಡೆಗೆಳೆದಳು. ಒಂದೊಂದು ಎಳೆಯೂ ಹಗ್ಗದ ಹಾಗೆ ಕಂಡಿತು. ಇಷ್ಟು ದಿನ ಕಾಣದ್ದೆಲ್ಲ ಒಟ್ಟಿಗೆ ಕಂಡದ್ದರಿಂದ ಅವಳಿಗೆ ಅವಮಾನವಾಯಿತೋ ಸಂತೋಷವಾಯಿತೋ ತಿಳಿಯಲಿಲ್ಲ. ಸೂಜಿಯ ತುದಿಯಿಂದ ತ ಒತ್ತಿನ ಒಂದು ಹೊಲಿಗೆ ಬಿಚ್ಚಿದಳು. ಹದಿನೆಂಟು ವರ್ಷ ಪೆಟ್ಟಿಗೆಯಲ್ಲಿ ಕೊಳೆತ ಬಟ್ಟೆ. ದಾರದ ಜೊತೆ ಬಟ್ಟೆಯ ಎಳೆಯೂ ಬಂತು. ಅಲ್ಲೊಂದು ಕಡಲೆ ಗಾತ್ರದ ತೂತಾಯಿತು. ಇನ್ನು ನಲವತ್ತೆರಡು ಬಿಚ್ಚಿದರೆ ಅಕ್ಷರವಿರುವ ಕಡೆ ಕಿಟಕಿಯಾಗುತ್ತದೆ. ಬಿಚ್ಚಿದ ಹೊಲಿಗೆಯನ್ನು ತೂತು ಮುಚ್ಚುವ ಹಾಗೆ ಮತ್ತೆ ಅಲ್ಲೇ ಹಾಕಿದಳು. ಹೀಗೆ ಆ ತಪ್ಪನ್ನು ಅವಳು ಎರಡು ಸಲ ಮಾಡಿದಂತಾಯಿತು. ಎರಡನೆಯ ಸಲ ಕನ್ನಡಕ ಹಾಕಿಕೊಂಡು.

ಅದನ್ನು ಅಕ್ಕನಿಗೆ ಕೊಡದೆ ಪೆಟ್ಟಿಗೆಗೇ ಹಾಕಿಬಿಡಬಹುದಿತ್ತು. ಹಾಗಂತ ಅಂದುಕೊಂಡೂ ಆಯಿತು. ಆದರೆ ಮನೆಗೆ ಹೋದ ಮೇಲೆ ಗಂಡ ತೋಳಿಲ್ಲದ ಕಡೆಯ ಟವೆಲ್ಲು ಸರಿಮಾಡಿಕೊಳ್ಳುತ್ತ, "ಮುಗೀತಾ?" ಅಂತ ಕೇಳಿದಾಗ ಅವಳ ಬಾಯಿಂದ "ಮುಗೀತು" ಅನ್ನುವ ಮಾತು ತಾನಾಗಿ ಬಂತು. ಆ ಮಾತು ಬಾಯಲ್ಲಿ ಎಷ್ಟು ರುಚಿಯಾಗಿತ್ತೆಂದರೆ ಅದನ್ನು ವಾಪಸು ತೆಗೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಭಾನುವಾರ ಒಂಬತ್ತೂಮುಕ್ಕಾಲಿಗೆ ಅಕ್ಕನ ಹೊಸ ಕಟ್ಟಡದ ಮುಂದೆ ಇಳಿದಳು. ಫ್ಲ್ಯಾಟು ನಾಲ್ಕನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಅಂತ ಚೀಟಿ. ಚೀಟಿಯೇ ಹಳದಿಯಾಗಿ ಮೂಲೆ ಮುರಿದಿದ್ದನ್ನು ನೋಡಿದರೆ ದುರಸ್ತಿ ಮಾಡಬೇಕಾದವರಲ್ಲೂ ಒಬ್ಬ ಅರ್ಧಾಂಬೆ ಇದ್ದ ಹಾಗಿತ್ತು. ಎಂಬತ್ತನಾಲ್ಕು ಮೆಟ್ಟಿಲು. ಮೇಲೆ ತಲುಪುವಾಗ ಅವಳ ಉಸಿರು ಅವಳಿಗಿಂತ ಒಂದು ಮಹಡಿ ಹಿಂದಿತ್ತು.

ಬಾಗಿಲ ಮುಂದೆ ಅಕ್ಕ ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಸುಸ್ವಾಗತ. ಅದರ ಹಿಂದಿನ ಕಾಗದವನ್ನು ಆಗಲೇ ಪೂರ್ತಿ ಕಿತ್ತಾಗಿತ್ತು. ಭಾವ ಬಾಗಿಲ ಮೇಲೆ ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಗೆರೆ ಒಂದು ಕೂದಲಷ್ಟು ಓರೆಯಾಗಿದೆ ಅಂತ ಅವರು ಅಳಿಸಿ ಬರೆಯುತ್ತಿದ್ದದ್ದು ಐದನೆಯ ಸಲವಂತೆ. ಇಲ್ಲದಿದ್ದರೆ ಹತ್ತು ಗಂಟೆಗೆ ಮುಂಚೆಯೇ ಪ್ಲಾಸ್ಟಿಕ್ಕು ಬಾಗಿಲಿಗೆ ಅಂಟಿರುತ್ತಿತ್ತು.

ಮಾತಾಡಲು ಉಸಿರಿಲ್ಲದೆ ತಂಗಿ ಪಟವನ್ನು ಬಿಚ್ಚಿ ಎದೆಯ ಮುಂದೆ ಹಿಡಿದಳು.

ಅಕ್ಕ ನೋಡಿದಳು. ಮೊದಲು ಬಾತುಕೋಳಿಗಳನ್ನು, ಆಮೇಲೆ ಹೂಗಳನ್ನು. ಕಣ್ಣು ತುಂಬಿಕೊಂಡು ಅಕ್ಷರಗಳ ಕಡೆ ಬಂದಳು. ತುಟಿ ಅಲ್ಲಾಡಿತು. ಇನ್ನೊಂದು ಸಲ ಅಲ್ಲಾಡಿತು. ತಂಗಿಯ ಮುಖ ನೋಡಿದಳು. ಬೆವರು ಹನಿಯುವ, ಬಾಯಿ ತೆರೆದು ಏದುಸಿರು ಬಿಡುವ ಆ ಮುಖ. ಅದರ ಕೆಳಗೇ ಕೆಂಪಗೆ, ಸುಸ್ತಾಗತ.

ಅಕ್ಕ ನಕ್ಕ ಪರಿಗೆ ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು ನೋಡಿದರು. ನಗುತ್ತ ನಗುತ್ತ ಕೈಯಲ್ಲಿದ್ದದ್ದನ್ನು ಪಕ್ಕಕ್ಕೆ ಇಟ್ಟಳು. ಇಟ್ಟದ್ದು ಹಾಸಿಗೆಯ ಮೇಲೆ, ಗೋಂದಿನ ಮುಖ ಕೆಳಗಾಗಿ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅಂದಿನಿಂದ ಆ ಹಾಸಿಗೆ, ಮಲಗಲು ಬಂದವರನ್ನೆಲ್ಲ ಸ್ವಾಗತಿಸುತ್ತಿದೆ.

ತಂಗಿ ಎಲ್ಲವನ್ನೂ ಒಪ್ಪಿಕೊಂಡಳು: ಮಡಿಕೆ, ಕೊಕ್ಕೆ, ಡ್ರೈವರು, ಚಾಳೀಸು. ಭಾವ, ತಾನು ವ ಒತ್ತನ್ನು ಏಳು ಮನೆ ಅಗಲ, ಆರು ಮನೆ ಎತ್ತರಕ್ಕೆ ಸ್ಪಷ್ಟವಾಗಿ ಬರೆದಿದ್ದೆ, ಮಡಿಸುವುದನ್ನು ಮಾತ್ರ ಯೋಚಿಸಿ ಮಡಿಸಲಿಲ್ಲ, ಅದು ತನ್ನದೇ ತಪ್ಪು ಅಂತ ಬಹಳ ನೊಂದುಕೊಂಡರು. ಅಷ್ಟರಲ್ಲಿ ಐದನೆಯ ಮಹಡಿಯ ದಪ್ಪನೆಯ ಯಜಮಾನರೊಬ್ಬರು ಎರಡು ಕೈಯಲ್ಲೂ ಸಾಮಾನಿನ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಪಟದ ಮುಂದೆ ನಿಂತು ಓದಿದರು. "ಹೌದಮ್ಮ, ಆಗತ್ತೆ" ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಕ್ಕ ಅವರಿಗೆ ಒಂದು ಲೋಟ ನೀರು ಕೊಟ್ಟಳು. ಈ ಕಟ್ಟಡದಲ್ಲಿ ಅವಳಿಗಾದ ಮೊದಲ ಪರಿಚಯ ಅದೇ.

"ಇದೇ ಇರಲಿ ಕಣೇ" ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಸುಸ್ವಾಗತ ಅಂತ ಎಲ್ಲರೂ ಬಾಗಿಲಿಗೆ ಹಾಕ್ತಾರೆ. ಬಂದವರ ಕಷ್ಟ ಅರ್ಥ ಮಾಡ್ಕೊಂಡ ಮನೆ ಎಲ್ಲಿದೆ?"

ತಂಗಿ ಬಾಗಿಲ ಪಕ್ಕದ ಸಾಮಾನಿನಲ್ಲಿದ್ದ ಸುತ್ತಿಗೆ, ಮೊಳೆ ತೆಗೆದುಕೊಂಡಳು. ಗೆರೆಯನ್ನೂ ನೋಡದೆ ಬಾಗಿಲಿಗೆ ಎರಡು ಮೊಳೆ ಹೊಡೆದು ಪಟ ನೇತುಹಾಕಿದಳು. ಮೂವರೂ ಹಿಂದೆ ಸರಿದು ನಿಂತು ನೋಡಿದರು. ಬಾತುಕೋಳಿಗಳೂ ಇವರನ್ನು ನೋಡಿದವು. ಒಂದು ನಿಮಿಷ ಎಲ್ಲವೂ ಸರಿಯಾಗಿತ್ತು.

ಭಾವ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದರು.

"ಒಂದು ಮಾತು" ಅಂದರು. "ಸುಸ್ವಾಗತ ಅಂತಾದರೆ ಇದು ತಪ್ಪು, ಸರಿ. ಈಗ ಸುಸ್ತಾಗೋದೇ ಅಂತಾದರೆ ಅದು 'ಸುಸ್ತಾಗತ್ತೆ' ಆಗಬೇಕಲ್ವಾ? 'ತ' ಇದೆ, 'ತ್ತೆ' ಎಲ್ಲಿ?"

ಅಕ್ಕ ಪಟ ನೋಡಿದಳು. ಅವಳ ಮುಖದ ಮೇಲೆ ನಿಧಾನವಾಗಿ ಒಂದು ಬೆಳಕು ಹರಡಿತು. "ಅಯ್ಯೋ, ಹೌದಲ್ರೀ" ಅಂದಳು. "ಇದೂ ಅರ್ಧಕ್ಕೇ ನಿಂತಿದೆ."

ಭಾವ ಆಗಲೇ ಜೇಬಿನಿಂದ ಗ್ರಾಫ್ ಕಾಗದ ತೆಗೆದು ಬಾಗಿಲಿಗೆ ಒತ್ತಿಹಿಡಿದಿದ್ದರು. ತಲೆಯ ಮೇಲಿನ ಏತ್ವಕ್ಕೆ ಮೂರು ಮನೆ ಸಾಕು, ಒತ್ತಿಗೆ ಹೂವಿನ ಅಂಚನ್ನು ಒಂದು ಸಾಲು ಕೆಳಗೆ ತಳ್ಳಬೇಕು, ಬಲಗಡೆ ಬಾತುಕೋಳಿಯ ಎದೆ ಸ್ವಲ್ಪ ಕರಗಿಸಿದರೆ ಜಾಗ ಆಗತ್ತೆ ಅಂತ ಹೇಳುತ್ತ ಹೋದರು. ಅವಸರವೇನಿಲ್ಲ, ಬಿಡುವಾದಾಗ ತೆಗೆದುಕೊಂಡು ಹೋಗಿ ನಿಧಾನವಾಗಿ ಮಾಡಿದರಾಯಿತು, ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೂ ಪರವಾಗಿಲ್ಲ ಅಂತ ಅಕ್ಕ ಸೇರಿಸಿದಳು. ಮೆಟ್ಟಿಲ ಮೇಲೆ ಕೂತಿದ್ದ ಐದನೆಯ ಮಹಡಿಯವರು, ಇಷ್ಟೇ ತಾನೇ, ತಮ್ಮ ಹೆಂಡತಿಯೂ ಹೊಲಿಗೆ ಬಲ್ಲವಳೇ, ಅವಳನ್ನೂ ಕೇಳೋಣ ಅಂದರು.

ಅರ್ಧಾಂಬೆ ಸುತ್ತಿಗೆಯನ್ನು ಹಾಸಿಗೆಯ ಮೇಲಿಟ್ಟಳು. ಚೀಲದಿಂದ ಚಾಳೀಸು ತೆಗೆದು, ಎಲ್ಲರೂ ನೋಡುತ್ತಿದ್ದಂತೆಯೇ ಮೂಗಿನ ಮೇಲೇರಿಸಿಕೊಂಡಳು. ಪಟದ ಹತ್ತಿರ ಹೋಗಿ ಎಡಗಡೆಯ ಬಾತಿನಿಂದ ಬಲಗಡೆಯ ಬಾತಿನವರೆಗೆ ಒಂದು ಸಲ ಪೂರ್ತಿ ನೋಡಿದಳು.

"ಅಕ್ಕಾ, ಇದು ಮುಗೀತು" ಅಂದಳು.

"ಮುಗೀತು ಕಣೇ, ಯಾರು ಇಲ್ಲ ಅಂದರು, ಆ ಒಂದು 'ತ್ತೆ'…"

ಅವಳು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು. ಐದನೆಯ ಮಹಡಿಯವರು ಕಾಲು ಸರಿಸಿ ದಾರಿ ಬಿಟ್ಟರು. ಭಾವ ಕಾಗದದಿಂದ ತಲೆಯೆತ್ತದೆ, ಇಲ್ಲಿಂದ ನಾಲ್ಕು ಮನೆ ಬಿಟ್ಟು ಅಂತ ಎಣಿಸುತ್ತಲೇ ಇದ್ದರು. ಮೂರನೆಯ ಮಹಡಿಯ ತಿರುವಿನಲ್ಲಿದ್ದಾಗ ಅಕ್ಕ ಕಂಬಿಯ ಮೇಲೆ ಬಗ್ಗಿ ಕೂಗಿದಳು:

"ಲೇ, ಮಾತು ಅರ್ಧಕ್ಕೇ ಬಿಟ್ಟು ಎಲ್ಲಿ ಹೊರಟೆಯೇ? ನಿನಗೇ ಹೇಳ್ತಿರೋದು, ಆ ಬಾತುಕೋಳಿ ಎದೆಯಿಂದ ಒಂದೆರಡು ಹೊಲಿಗೆ…"

ತಂಗಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಕನ್ನಡಕವನ್ನು ಮೇಲೆ ತಳ್ಳಿಕೊಂಡು, ಇಳಿಯುತ್ತಲೇ ಹೋದಳು.